ಗೋಣೆಪ್ಪನ ನೋವಿಗೆ ಎರಡು ಅಂಕ

ಬೆಳಿಗ್ಗೆ ಹತ್ತಕ್ಕೆ ರಾಣೆಬೆನ್ನೂರಿನ ಖಾಸಗಿ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ನರ್ಸ್ ಸುಗರಾಬಿ ನೋವಿನ ಹಾಳೆ ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಳು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು ಎಂದು ಕೇಳಿದರೆ ಇಲ್ಲಿನವರು “ಭಾಳ ಐತ್ರಿ” ಎನ್ನುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಬ್ಯಾಡಗಿಯಲ್ಲಿ ಬೆಳೆದ ಅವಳು ಅದಕ್ಕೊಂದು ಮೆಣಸಿನಕಾಯಿ ಲೆಕ್ಕ ಮಾಡಿಕೊಂಡಿದ್ದಾಳೆ. ಖಾರ ಕಡಿಮೆಯ ಡಬ್ಬಿ ಕಾಯಿಗೆ ಎರಡು, ತುಸು ಖಾರದ ಕಡ್ಡಿಗೆ ಐದು, ಬಾಯಿ ಸುಡುವ ಗುಂಟೂರಿಗೆ ಒಂಬತ್ತು. ಏಳು ದಾಟಿದರೆ ವೈದ್ಯರನ್ನು ಕರೆಯಬೇಕು.

ಆರನೇ ಮಂಚದಲ್ಲಿ ಗೋಣೆಪ್ಪ ಇದ್ದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಬೈಕಿನಿಂದ ಬಿದ್ದು ಮುರಿದ ಕಾಲಿಗೆ ಹಿಂದಿನ ದಿನ ಆಪರೇಷನ್ ಆಗಿತ್ತು. ಅವನ ಅಂಗಡಿಯಲ್ಲಿ ಸುಗರಾಬಿಯ ತಾಯಿ ಜುಬೇದಾ ಹದಿನಾಲ್ಕು ವರ್ಷ ಕಾಯಿಯ ತೊಟ್ಟು ಬಿಡಿಸಿದ್ದಳು. ಒಂದು ಮಧ್ಯಾಹ್ನ ಅವಳು ಹೊಟ್ಟೆ ಹಿಡಿದು ಕುಸಿದಾಗ, “ದಿನಾ ಒಂದ ನಾಟಕ. ಚೀಲ ಮುಗಿಸಿ ಹೋಗು,” ಎಂದಿದ್ದ. ಜುಬೇದಾ ಮುಗಿಸಿ ಹೋದಳು. ಅಪೆಂಡಿಕ್ಸ್ ಒಡೆದು ಮೂರನೇ ದಿನ ತೀರಿಕೊಂಡಳು. ಸುಗರಾಬಿಗೆ ಆಗ ಹದಿನೇಳು.

ಗೋಣೆಪ್ಪನಿಗೆ ಅವಳ ಗುರುತು ಸಿಗಲಿಲ್ಲ.

“ಯಜಮಾನ್ರ, ನೋವು ಡಬ್ಬಿನೋ, ಕಡ್ಡಿನೋ, ಗುಂಟೂರೋ?”

ಪಕ್ಕದ ಮಂಚದ ಕನಕಪ್ಪ ನಕ್ಕ. “ಸಾವಕಾರ್ರಿಗೆ ಗುಂಟೂರೂ ಖಾರ ಹತ್ತೂದಿಲ್ಲ ಬಿಡವ್ವ.”

“ನಲವತ್ತು ವರ್ಷ ಕಾಯ್ಯಾಗ ಕೈ ಇಟ್ಟೇನಿ,” ಎಂದ ಗೋಣೆಪ್ಪ. “ಡಬ್ಬಿ. ಬರಕೋ.”

ಅವನ ಹಣೆ ಬೆವರಿತ್ತು. ಮುಷ್ಟಿ ಹಾಸಿಗೆಯನ್ನು ಹಿಂಡುತ್ತಿತ್ತು. ಮಾತಿಗೂ ಮುಖಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಬೇಕೆಂಬುದು ನಿಯಮ; ಹೊಸ ನರ್ಸುಗಳಿಗೆ ಅದನ್ನು ಕಲಿಸುವವಳೇ ಸುಗರಾಬಿ. ಎರಡು ಎಂದು ಬರೆದಳು. ಮುಖದ ಕಾಲಂ ಖಾಲಿ ಬಿಟ್ಟಳು.

ಹನ್ನೊಂದೂವರೆಗೆ ಅವನು ಕೂಗಿದ. “ಗುಂಟೂರು ಐತವ್ವ, ಲಗೂ ಸೂಜಿ ಮಾಡವ್ವ!”

“ಆಗ ಡಬ್ಬಿ ಅಂದ್ರಲ್ರಿ?”

“ತಪ್ಪಾತು. ಖರೇ ಹೇಳಾಕತ್ತೇನಿ.”

“ನಮ್ಮಮ್ಮ ಜುಬೇದಾನೂ ಖರೇನ ಹೇಳಿದ್ಲು, ನಿಮ್ಮ ಅಂಗಡ್ಯಾಗ.”

ಗೋಣೆಪ್ಪ ಅವಳನ್ನೇ ದಿಟ್ಟಿಸಿದ. ಅವಳು ಉಳಿದ ಮಂಚಗಳನ್ನೆಲ್ಲ ಒಂದೊಂದಾಗಿ ಮುಗಿಸಿ ಬಂದು, ಹನ್ನೆರಡೂ ಕಾಲಿಗೆ ಒಂಬತ್ತು ಎಂದು ಬರೆದು ವೈದ್ಯರನ್ನು ಕರೆದಳು. ಬಾವು ಬಂದ ಕಾಲಿಗೆ ರಕ್ತ ಹರಿಯದಂತೆ ಬಿಗಿದಿದ್ದ ಕಟ್ಟನ್ನು ಅವರು ಸಡಿಲಿಸಿ ಇಂಜೆಕ್ಷನ್ ಕೊಟ್ಟರು. ಕಾಲು ಉಳಿಯಿತು.

ಗೋಣೆಪ್ಪನ ಮಗ ಚನ್ನೇಶ ಆಸ್ಪತ್ರೆಗೆ ದೂರು ಕೊಟ್ಟಿದ್ದಾನೆ. ಸುಗರಾಬಿ ಏನನ್ನೂ ಅಲ್ಲಗಳೆದಿಲ್ಲ. “ಬೇಕಂತನ ಕಾಯಿಸಿದೆ. ಇನ್ನೊಂದು ತಾಸು ಕಾಯಿಸಬೇಕಂತ ಇತ್ತು, ಕಾಲು ಹೋಗತಿತ್ತಂತ ಬಿಟ್ಟೆ,” ಎನ್ನುತ್ತಾಳೆ. ಸೋಮವಾರ ಹನ್ನೊಂದು ಗಂಟೆಗೆ ಅವಳ ವಿಚಾರಣೆ.