ಗೇಟಿನ ಅಗಲ ಅಳೆದವರು

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರ ಕೈಯಿಂದ ಇನ್ಸುಲಿನ್ ಬಾಟ್ಲಿ ಜಾರಿ, ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಅಂಗಡಿಯವರು ಪೊರಕೆ ತರುವಷ್ಟರಲ್ಲಿ ಅದರ ವಾಸನೆ ಎದ್ದಿತ್ತು. ಆಸ್ಪತ್ರೆಯ ನೆಲ ಒರೆಸಿದ ಮೇಲೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ ಘಾಟು. ಎಲ್ಲರೂ ಚೂರುಗಳಿಂದ ಕಾಲು ತಪ್ಪಿಸಿಕೊಳ್ಳುತ್ತಿದ್ದರೆ ನನಗೆ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು. ಅವರ ಬಾಗಿಲಲ್ಲಿ ನಿಂತು ನಾನು ಆಡಿದ ಮಾತೂ...

ಅವರು ವಿದ್ಯಾನಗರದ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನಮ್ಮ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಎಂಟೂವರೆಗೆ ಬಸ್ ಹಿಡಿದರೆ ಮನೆಗೆ ಬರುವುದು ಸಂಜೆಗೆ. ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಸೂಜಿಯನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ಚಾಚಾಗೆ ಅರವತ್ತು ದಾಟಿತ್ತು, ಒಬ್ಬರೇ ಇದ್ದರು. ಬಂದ ಮೂರನೆಯ ದಿನ ನಾನು ಕಿಟಕಿಯಿಂದ ನೋಡುತ್ತೇನೆ, ಅವರು ನಮ್ಮ ಗೇಟಿನ ಮುಂದೆ ಗೇಣು ಹಾಕಿ ಅಗಲ ಅಳೆಯುತ್ತಿದ್ದಾರೆ! ಆಮೇಲೆ ಗೇಟಿನಿಂದ ಬಾಗಿಲವರೆಗೆ ಹೆಜ್ಜೆ ಎಣಿಸಿದರು. ನಾನು ಹೊರಗೆ ಬಂದೆ.

"ಏನ್ ಬೇಕಿತ್ತು?"

"ಏನಿಲ್ಲ ಟೀಚರ್. ಈ ದಾಸವಾಳದ ಕುಂಡ ಇಲ್ಲಿಂದ ತೆಗೆದ್ರೆ ಒಳ್ಳೇದಿತ್ತು. ದಾರಿ ಇಕ್ಕಟ್ಟಾಗುತ್ತೆ."

ನಮ್ಮ ಮನೆಯ ದಾರಿ ಇಕ್ಕಟ್ಟಾದರೆ ಇವರಿಗೇನು ಕಷ್ಟ ಎಂದು ನನಗೆ ಅವತ್ತೇ ಅನುಮಾನ ಹುಟ್ಟಿತು.

ಆಮೇಲೆ ಒಂದೊಂದೇ ಪ್ರಶ್ನೆ. ನೀವು ಎಷ್ಟು ಗಂಟೆಗೆ ಹೋಗ್ತೀರಿ, ಅಮ್ಮ ಮಲಗೋದು ಯಾವ ರೂಮಲ್ಲಿ, ಇನ್ನೊಂದು ಕೀ ಯಾರ ಹತ್ರ ಇದೆ... ಒಂದು ಭಾನುವಾರ, "ನಿಮ್ಮ ಹಿಂದಿನ ಬಾಗಿಲ ಚಿಲಕ ಸಡಿಲ ಇದೆ, ಜೋರಾಗಿ ನೂಕಿದ್ರೆ ಬರುತ್ತೆ" ಎಂದರು. ನೂಕಿ ನೋಡದೆ ಇವರಿಗೆ ಹೇಗೆ ಗೊತ್ತು?

ಅಮ್ಮನಿಗೆ ಮಾತ್ರ ಅವರ ಮೇಲೆ ಎಲ್ಲಿಲ್ಲದ ನಂಬಿಕೆ. ನಾನು ಶಾಲೆಗೆ ಹೋಗಿದ್ದಾಗ ಇಬ್ಬರೂ ಜಗಲಿಯಲ್ಲಿ ಕೂತು ಮಾತಾಡಿ, ಒಂದು ಬಟ್ಟೆಚೀಲ ಸಿದ್ಧಮಾಡಿದ್ದರು. ಅದರಲ್ಲಿ ಔಷಧಿಗಳ ಹೆಸರು ಬರೆದ ಹಾಳೆ, ಡಾಕ್ಟರ ಚೀಟಿ, ಹಳೆಯ ರಿಪೋರ್ಟು, ಟಾರ್ಚು, ಗ್ಲೂಕೋಸ್ ಪೊಟ್ಟಣ, ಒಂದು ಸೀರೆ. ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಮನೆಯ ಇನ್ನೊಂದು ಕೀಲಿಕೈಯನ್ನೂ ಅಮ್ಮ ಅವರಿಗೇ ಕೊಟ್ಟಿದ್ದಳು.

"ನನ್ನ ಕೇಳ್ದೆ ಯಾಕಮ್ಮ ಕೊಟ್ಟೆ?"

"ನಂಗೇನಾದ್ರೂ ಆದ್ರೆ ನೀನು ಭದ್ರಾವತಿಯಿಂದ ಹಾರ್ಕೊಂಡು ಬರ್ತೀಯಾ? ಡ್ರೈವರ್ ಒಳ್ಳೇ ಮನುಷ್ಯ ಕಣೇ."

ಅವರು ಮೊದಲು ಏನು ಓಡಿಸುತ್ತಿದ್ದರು ಎಂದು ನಾನು ಕೇಳಲೂ ಇಲ್ಲ. ಲಾರಿ ಇರಬೇಕು ಅಂದುಕೊಂಡಿದ್ದೆ.

ಎದುರು ಮನೆಯಾಕೆ ಒಂದು ಸಂಜೆ ಕಾಂಪೌಂಡಿನ ಆಚೆಯಿಂದ, "ನೀವು ಅತ್ಲಾಗೆ ಹೋಗ್ತಿದ್ದಂಗೆ ಅವ್ರು ಇತ್ಲಾಗೆ ನಿಮ್ಮನೆ ಒಳಗೆ ಹೋಗ್ತಾರೆ ಮಾರಾಯ್ತಿ, ದಿನಾ" ಎಂದರು. ಅವರ ದನಿಯಲ್ಲಿ ಇನ್ನೊಂದು ಮಾತೂ ಇತ್ತು. ಬಾಯಿಬಿಟ್ಟು ಆಡಲಿಲ್ಲ, ಆದರೆ ನನಗೆ ಕೇಳಿಸಿತು. ಅದೇ ಕೆಲಸವನ್ನು ನಮ್ಮ ಧರ್ಮದವರೇ ಒಬ್ಬರು ಮಾಡಿದ್ದರೆ ನಾನು ಇಷ್ಟು ಬೆದರುತ್ತಿದ್ದೆನೇ? ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಅಷ್ಟರಲ್ಲಿ ಬಾಟ್ಲಿಗಳ ಲೆಕ್ಕ ತಪ್ಪತೊಡಗಿತು. ಒಂದು ಬಾಟ್ಲಿ ಇನ್ಸುಲಿನ್ ಅಮ್ಮನಿಗೆ ಹನ್ನೆರಡು ದಿನ ಬರಬೇಕು. ಆ ತಿಂಗಳು ಒಂಬತ್ತೇ ದಿನಕ್ಕೆ ಮುಗಿಯಿತು, ಅದರ ಮುಂದಿನದು ಎಂಟು ದಿನಕ್ಕೆ. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿರುತ್ತಿದ್ದ ಬಾಟ್ಲಿಗಳನ್ನು ದಿನಾ ಬೆಳಿಗ್ಗೆ ಎಣಿಸಲು ಶುರುಮಾಡಿದೆ. ಅಮ್ಮನನ್ನು ಕೇಳಿದರೆ, "ನಾನೇನು ಕುಡೀತೀನಾ ಅದನ್ನ?" ಎಂದು ಸಿಡುಕಿದಳು. ಒಂದು ದಿನ ಚಾಚಾ ಮನೆಯ ಬಾಗಿಲು ತೆರೆದಿತ್ತು. ಅವರು ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಬಾಟ್ಲಿ. ಅದೇ ಕಂಪನಿ, ಅದೇ ಬಣ್ಣದ ಮುಚ್ಚಳ.

ಮಾರನೆಯ ದಿನ ಸಂಜೆ ಅವರ ಬಾಗಿಲಿಗೆ ಹೋದೆ.

"ಚಾಚಾ, ನಮ್ಮನೆ ಕೀ ಬೇಕಿತ್ತು."

"ನಿಮ್ದು ಕಳೆದ್ಹೋಯ್ತಾ ಟೀಚರ್?"

"ಇಲ್ಲ. ನಮ್ಮ ಹತ್ರನೇ ಇರ್ಲಿ ಅಂತ. ಅಮ್ಮನ ಇನ್ಸುಲಿನ್ ಲೆಕ್ಕಕ್ಕೆ ಸಿಗ್ತಿಲ್ಲ. ನೀವೂ ಅದೇ ಔಷಧಿ ತಗೋತೀರಂತಲ್ಲ..."

ನಾನು ವಾಕ್ಯ ಮುಗಿಸಲಿಲ್ಲ, ಮುಗಿಸುವ ಅಗತ್ಯವೂ ಇರಲಿಲ್ಲ. ಅವರು ಒಳಗೆ ಹೋಗಿ ಕೀಲಿಕೈ ತಂದು ನನ್ನ ಅಂಗೈಗೆ ಹಾಕಿದರು.

"ಅಮ್ಮ ಬೆಳಿಗ್ಗೆ ಹಾಕ್ಕೊಂಡಿದ್ದು ಮರೆತು ಇನ್ನೊಂದ್ಸಲ ಹಾಕ್ಕೋತಾರೇನೋ ನೋಡಿ ಟೀಚರ್. ಹತ್ತು, ಹನ್ನೊಂದು ಗಂಟೆಗೆ ಅವ್ರ ಕೈ ನಡುಗುತ್ತೆ, ಬೆವರ್ತಾರೆ. ಬೆಲ್ಲ ತಿನ್ನಿಸಿ ಕೂರಿಸ್ತಿದ್ದೆ. ನಿಮಗೆ ಹೇಳ್ಬೇಡಿ ಅಂತ ಅಮ್ಮ ಆಣೆ ಹಾಕಿದ್ರು."

"ನಮ್ಮಮ್ಮನ ತಲೆ ಸರಿಯಾಗೇ ಇದೆ" ಎಂದೆ ನಾನು. ಸಿಕ್ಕಿಬಿದ್ದವರು ಮಾತು ತಿರುಗಿಸುವುದು ಹೀಗೇ ಎಂದುಕೊಂಡು ಮನೆಗೆ ಬಂದೆ. ಸಿಟ್ಟಿಗೆ ಆ ಬಟ್ಟೆಚೀಲವನ್ನೂ ಮೊಳೆಯಿಂದ ತೆಗೆದು ಅಟ್ಟಕ್ಕೆ ಹಾಕಿದೆ.

ಇದಾಗಿ ಒಂದು ವಾರವೂ ಆಗಿರಲಿಲ್ಲ. ಶಾಲೆಯಲ್ಲಿ ಹನ್ನೊಂದು ಗಂಟೆಯ ಬಿಡುವಿಗೆ ಎಂದಿನಂತೆ ಅಮ್ಮನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕನೆಯ ಸಲವೂ ಎತ್ತಲಿಲ್ಲ. ಎದುರು ಮನೆಯಾಕೆಯ ಫೋನ್ ಸ್ವಿಚ್ ಆಫ್. ಉಳಿದದ್ದು ಒಂದೇ ನಂಬರು, ಅಮ್ಮ ಹಟ ಮಾಡಿ ನನ್ನ ಫೋನಿನಲ್ಲಿ ಸೇರಿಸಿದ್ದು. ಸ್ಟಾಫ್ ರೂಮಿನಲ್ಲಿ ಆ ನಂಬರನ್ನು ನೋಡುತ್ತಾ ನಾನು ಕೂತೇ ಇದ್ದೆ. ಐದು ನಿಮಿಷವೋ, ಹತ್ತೋ... ಅಮ್ಮ ಬಚ್ಚಲಲ್ಲಿ ಇರಬಹುದು, ನಿದ್ದೆ ಹತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ನಿಮಿಷಗಳನ್ನು ನಾನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ.

ಕೊನೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಚಾಚಾ, ಅಮ್ಮ ಫೋನ್ ತೆಗೀತಿಲ್ಲ."

"ಕೀ?"

"ನನ್ನ ಹತ್ರ ಇದೆ."

"ಹಿಂದಿನ ಬಾಗಿಲು ಒಡೀತೀನಿ. ಒಡೀಲಾ?"

ಅಂಥ ಹೊತ್ತಿನಲ್ಲೂ ಅವರು ನನ್ನ ಅನುಮತಿ ಕೇಳಿದರು. "ಒಡೀರಿ" ಎಂದೆ.

ಸಿಕ್ಕ ಬಸ್ ಹತ್ತಿದೆ. ನಾನು ಎಂಥವಳು ಎಂದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ. ಮಾಚೇನಹಳ್ಳಿ ದಾಟುವಾಗ ನನಗೆ ನೆನಪಾದದ್ದು ಬೀರುವಿನ ಕೀಲಿ. ಅದು ದಿಂಬಿನ ಕೆಳಗೇ ಇತ್ತು. ಅಮ್ಮ ಬದುಕಿದ್ದಾಳೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ, ಒಡೆದ ಬಾಗಿಲ ಮನೆಯಲ್ಲಿ ಅವರೊಬ್ಬರೇ ಇದ್ದಾರೆ ಎಂಬುದೇ ನನ್ನ ಚಿಂತೆಯಾಗಿತ್ತು.

ಅರ್ಧ ದಾರಿಯಲ್ಲಿ ಅವರ ಫೋನ್ ಬಂತು. ಮನೆಗೆ ಬೇಡ, ನೇರ ಆಸ್ಪತ್ರೆಗೆ ಬನ್ನಿ ಎಂದರು. ನಾನು ತಲುಪುವಾಗ ಅಮ್ಮನ ಕೈಗೆ ಗ್ಲೂಕೋಸ್ ಹಾಕಿದ್ದರು, ಕಣ್ಣು ಬಿಟ್ಟಿದ್ದಳು, ಆದರೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಾಚಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೊಣಕೈ ತರಚಿತ್ತು. ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ, ಮೈಯೆಲ್ಲ ಬೆವರು, ಕೂಗಿದರೆ ಎಚ್ಚರವಿಲ್ಲ. ಬಾಯಿಗೆ ಏನು ಹಾಕಿದರೂ ಉಸಿರಿಗೆ ಅಡ್ಡವಾಗುತ್ತದೆ ಎಂದು ಏನೂ ಹಾಕದೆ, ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಅದು ಬರುವಷ್ಟರಲ್ಲಿ ದಾಸವಾಳದ ಕುಂಡವನ್ನು ಒಬ್ಬರೇ ಎಳೆದು ಪಕ್ಕಕ್ಕೆ ಹಾಕಿದ್ದರು.

"ಚೀಲ ಹುಡುಕ್ದೆ, ಸಿಗ್ಲಿಲ್ಲ ಟೀಚರ್. ಔಷಧಿ ಹೆಸರೆಲ್ಲ ಬಾಯಲ್ಲೇ ಹೇಳಿದೆ. ಸರಿ ಇದೆಯಾ ನೋಡ್ಕೊಳ್ಳಿ." ಆಮೇಲೆ ಕರವಸ್ತ್ರದ ಒಂದು ಗಂಟು ಕೊಟ್ಟರು. ನರ್ಸು ಬಿಚ್ಚಿಕೊಟ್ಟಿದ್ದ ಅಮ್ಮನ ಸರ, ಬಳೆ. "ಬಿಚ್ಚಿ ನೋಡ್ಕೊಂಡ್ಬಿಡಿ" ಎಂದರು. ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದರೂ ನನಗೆ ಗಂಟು ಬಿಚ್ಚಲು ಕೈ ಬರಲಿಲ್ಲ.

ಡಾಕ್ಟರು ಇನ್ಸುಲಿನ್ ಎಷ್ಟು ಹಾಕುತ್ತೀರಿ, ಬಾಟ್ಲಿ ಎಷ್ಟು ದಿನ ಬರುತ್ತದೆ ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ನನಗೇ ಎಲ್ಲ ಬಿಡಿಸಿಕೊಂಡಿತು. ಕಳೆದುಹೋದ ಔಷಧಿ ಅಮ್ಮನ ಮೈಯಲ್ಲೇ ಇತ್ತು. ನಾನು ದಿನಾ ಬೆಳಿಗ್ಗೆ ಎಣಿಸಿದ್ದೆ, ಎಣಿಕೆಯೂ ಸರಿಯಾಗಿತ್ತು.

ಆ ಬೆಂಚಿನ ಮೇಲೆಯೇ ಅವರು ಹೇಳಿದ್ದು, ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಆಂಬುಲೆನ್ಸ್ ಓಡಿಸಿದ್ದನ್ನು. "ಎಷ್ಟು ಮನೆ ನೋಡಿದೀನಿ ಟೀಚರ್. ಗೇಟಲ್ಲಿ ಸ್ಟ್ರೆಚರ್ ಹೋಗಲ್ಲ. ಏನ್ ಔಷಧಿ ತಗೋತಾರೆ ಅಂದ್ರೆ ಕೆಂಪು ಮಾತ್ರೆ ಅಂತಾರೆ. ಬಾಗಿಲು ಒಡೆಯೋಷ್ಟ್ರಲ್ಲಿ ಮುಗಿದೇ ಹೋಗಿರುತ್ತೆ." ತಮ್ಮ ಹೆಂಡತಿ ಹೋದದ್ದೂ ಹಾಗೇ, ತಾವು ಬೇರೆ ಯಾರನ್ನೋ ಶಿವಮೊಗ್ಗಕ್ಕೆ ಕರೆತಂದಿದ್ದ ಹೊತ್ತಿನಲ್ಲಿ ಎಂದರು.

ಅಮ್ಮ ಮನೆಗೆ ಬಂದ ಮೇಲೆ ಕೀಲಿಕೈ ಹಿಡಿದು ಅವರ ಬಾಗಿಲಿಗೆ ಹೋದೆ. "ತಪ್ಪಾಯ್ತು ಚಾಚಾ. ಇದು ನಿಮ್ಮ ಹತ್ರನೇ ಇರ್ಲಿ."

ಅವರು ಕೈ ಚಾಚಲಿಲ್ಲ. "ಬೇಡ ಟೀಚರ್. ನಾಳೆ ಇನ್ನೇನಾದ್ರೂ ಲೆಕ್ಕ ತಪ್ಪಿದ್ರೆ ನೀವು ಬಾಯಲ್ಲಿ ಹೇಳದೇ ಇದ್ರೂ ನಿಮ್ಮ ಕಣ್ಣು ನನ್ನ ಕಡೆನೇ ತಿರುಗುತ್ತೆ. ಬೇರೆ ಯಾರಿಗಾದ್ರೂ ಕೊಡಿ. ಆದ್ರೆ ಕೊಡೋದು ಮಾತ್ರ ಮರೀಬೇಡಿ."

ಆಮೇಲೆ ಅವರು ನಮ್ಮ ಮನೆಯೊಳಗೆ ಕಾಲಿಡಲಿಲ್ಲ. ದಿನಾ ಹತ್ತು ಗಂಟೆಗೆ ಗೇಟಿನ ಆಚೆ ನಿಂತು, "ಅಮ್ಮಾ, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರಂತೆ. ಅಮ್ಮ ಒಳಗಿನಿಂದ ಉತ್ತರ ಕೊಡುವವರೆಗೆ ನಿಂತೇ ಇರುತ್ತಿದ್ದರಂತೆ. ಎರಡು ವರ್ಷದ ನಂತರ ನನಗೊಂದು ಮಾತೂ ಹೇಳದೆ ಮನೆ ಖಾಲಿಮಾಡಿ ಭದ್ರಾವತಿಗೆ, ಮಗಳ ಮನೆಗೆ ಹೋದರು. ನಾನು ದಿನಾ ಹೋಗಿಬರುವ ಊರು. ಒಮ್ಮೆ ಹೋಗಿ ನೋಡಿಕೊಂಡು ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ನಾಲ್ಕು ತಿಂಗಳಾಗಿತ್ತು. ಆಟೋ ಓಡಿಸುವ ಅವರ ಅಳಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿದು ಹೇಳಿದ. "ನಿಮ್ಮಮ್ಮ ಹೇಗಿದಾರೆ ಅಂತ ಕೇಳ್ತಾನೇ ಇದ್ರು" ಎಂದ.

ಈಗ ನಾನು ಕೆಲಸ ಬಿಟ್ಟು ಮನೆಯಲ್ಲೇ ಇದ್ದೇನೆ. ಅಮ್ಮನ ಸೂಜಿಯನ್ನು ಎರಡು ಹೊತ್ತೂ ನಾನೇ ಹಾಕುತ್ತೇನೆ, ಹಾಕಿದ ತಕ್ಷಣ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತೇನೆ. ಅಮ್ಮನಿಗೆ ಬಹಳಷ್ಟು ಮರೆತುಹೋಗಿದೆ, ಕೆಲವು ದಿನ ನನ್ನ ಹೆಸರೂ. ಆದರೆ ಪಕ್ಕದ ಮನೆಯಲ್ಲಿ ಬಾಗಿಲ ಸದ್ದಾದರೆ ಸಾಕು, "ಡ್ರೈವರ್ ಬಂದ್ರಾ ನೋಡು" ಎನ್ನುತ್ತಾಳೆ. ಒಂದು ಸಲ ನಿಜ ಹೇಳಿದ್ದೆ. ಇಡೀ ದಿನ ಅತ್ತಳು, ಮರುದಿನ ಮತ್ತೆ ಅದನ್ನೇ ಕೇಳಿದಳು. ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನೆಯೂ ಕೇಳಿದಳು. "ಭದ್ರಾವತಿಗೆ ಹೋಗಿದಾರಮ್ಮ, ಮಗಳ ಮನೆಗೆ" ಎಂದೆ.

"ಹೋಗೋವಾಗ ನಿಂಗೆ ಹೇಳಿ ಹೋದ್ರಾ?"

"ಹೂಂ, ಹೇಳಿದ್ರು" ಎಂದೆ. ಅಮ್ಮ ನಂಬಿದಳು.