ಈಶಾನ್ಯ ಮೂಲೆಯ ಗೂಡು

ಮಧುಗಿರಿಯಲ್ಲಿ ಪಾಯ ತೋಡುವುದೆಂದರೆ ಬಂಡೆ ಹುಡುಕುವುದು. ಹಾರೆ ಠಣ್ ಎಂದರೆ ಮನೆಯವರ ಮುಖ ಅರಳುತ್ತದೆ, ಅರ್ಧ ಮನೆ ಎದ್ದಹಾಗೇ ಲೆಕ್ಕ. ಅಂಥ ಊರಿನ ಕಂಟ್ರಾಕ್ಟರ್ ಆದ ನಾನು ನೇಪಾಳದ ಗುಡ್ಡದ ಹಳ್ಳಿಯೊಂದರಲ್ಲಿ ಭೂಕಂಪಕ್ಕೆ ಜಗ್ಗದ ಶಾಲೆ ಕಟ್ಟಲು ಹೊರಟಿದ್ದೆ. ಸೇವಾಸಂಸ್ಥೆಯವರು ಕೇಳಿದ್ದರು, ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟಿದ್ದೆ.

ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಶಿರಾ ಹೆದ್ದಾರಿಯ ಅಂಗಡಿಯಲ್ಲಿ ಟೀ ಕುಡಿಯುವಾಗ ಲಾರಿಯೊಂದು ಹೋಗಿ ಲೋಟ ನಡುಗಿದರೂ ಎದ್ದು ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ಭಯವಾಗಿತ್ತು. ಅಲುಗುವ ನೆಲವನ್ನು ನಾನು ಕಂಡೇ ಇರಲಿಲ್ಲ.

ಕೈ ಪಳಗಲೆಂದು ಬರಗೂರಿನ ಹತ್ತಿರ ಸಡಿಲ ಮಣ್ಣಿನ ಹೊಲವೊಂದರಲ್ಲಿ ಒಂದು ಕೋಣೆಯಷ್ಟು ಮಾದರಿ ಪಾಯ ಹಾಕತೊಡಗಿದೆವು. ಕಲ್ಲು ಕಟ್ಟಲು ಕೊರಟಗೆರೆಯ ನಮ್ಮ ದೊಡ್ಡಪ್ಪ, ಕಂಬಿ ಕಟ್ಟಲು ನಾಗಲಮಡಿಕೆಯ ಕಡೆಯವನೊಬ್ಬ. ಗುಡ್ಡದ ಒರಟು ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸುವ ಕೈ ನಾನು ಬಲ್ಲವರಲ್ಲಿ ದೊಡ್ಡಪ್ಪನದೊಂದೇ. ಅವರು ನೇಪಾಳಕ್ಕೆ ಬರದಿದ್ದರೆ ನಾನೂ ಹೋಗುವಂತಿರಲಿಲ್ಲ.

ಕಲ್ಲಿನ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ, ಅದರೊಳಗೆ ಕಂಬಿ. ಪಂಚೆಯನ್ನು ಉಡಿದಾರ ಹಿಡಿದಂತೆ ನಾಲ್ಕೂ ಗೋಡೆಗಳನ್ನು ಹಿಡಿಯುವುದು ಅದೇ. ಕಂಬಿ ಮೂಲೆಯಲ್ಲಿ ಮುಗಿಯಬಾರದು, ಬಾಗಿ ಪಕ್ಕದ ಗೋಡೆಗೆ ಹೋಗಬೇಕು. ಮೂರು ಮೂಲೆ ಸಲೀಸಾಗಿ ಆಯಿತು. ಕೊನೆಯದರಲ್ಲಿ ಕಂಬಿಯವನು ಕೈ ನಿಲ್ಲಿಸಿದ.

"ಏಮಕ್ಕಾ, ಇಲ್ಲಿ ಹೆಂಗೆ ತಿರುಗಿಸ್ಲಿ? ಗೂಡು ಅಡ್ಡ ಬಂದ್ಬುಡ್ತು!"

ದೊಡ್ಡಪ್ಪ ಎಂದಿನಂತೆ ಈಶಾನ್ಯ ಮೂಲೆಯಲ್ಲಿ, ಸರಿಯಾಗಿ ಪಟ್ಟಿಯ ಎತ್ತರಕ್ಕೆ, ಗೇಣಗಲದ ಗೂಡು ಬಿಟ್ಟಿದ್ದರು. ಗೃಹಪ್ರವೇಶದ ದಿನ ಮನೆಯವರು ಅದರೊಳಗೆ ನವಧಾನ್ಯ ಇಟ್ಟು ಮುಚ್ಚುವುದು ನಮ್ಮ ಮನೆತನದ ಗಾರೆಯವರ ಪದ್ಧತಿ. ನಾನೂ ಬೆಳಗಿನಿಂದ ಅದನ್ನು ನೋಡುತ್ತಲೇ ಇದ್ದೆ. ನಾವು ಕಟ್ಟಿದ ಮನೆಗಳಲ್ಲೆಲ್ಲ ಇರುವುದರಿಂದ ತಪ್ಪೆಂದು ಹೊಳೆದಿರಲಿಲ್ಲ.

"ಇದನ್ನ ತೆಗೀಬೇಕು ದೊಡ್ಡಪ್ಪ. ಮೇಲಕ್ಕೆ ಕೆಳಕ್ಕೆ ಸರಿಸಿದ್ರೂ ಮೂಲೆ ಸಡಿಲಾಗ್ತದೆ."

"ತೆಗೆಯದಾ? ನೆಲಕ್ಕೆ ಉಣ್ಣಕ್ಕಿಕ್ದೆ ಅದರ ಮ್ಯಾಲೆ ಗ್ವಾಡೆ ಎಬ್ಬುಸ್ತೀಯಾ?"

"ಕಾಳನ್ನ ಪಾಯದ ತಳಕ್ಕೆ ಹಾಕಾನ."

"ಒಳಕ್ಕೋಗೋರು ಕೈಯಾರೆ ಇಕ್ಬೇಕು ಕಣಮ್ಮ. ಪಾಯದಡಿಗೆ ತೂರ್ಕಂಡು ಇಕ್ತಾರಾ? ಗೂಡು ಬ್ಯಾಡ ಅಂದ್ರೆ ನಾನು ಬರಾಕಿಲ್ಲ, ಬುಡು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಸಿಟ್ಟು ನೆತ್ತಿಗೇರಿತು. ಬದುವಿನ ಮೇಲೆ ಅತ್ತಿಂದಿತ್ತ ಸುತ್ತಿದೆ. ಗೂಡು ಇದ್ದರೆ ಶಾಲೆ ನಿಲ್ಲದು, ದೊಡ್ಡಪ್ಪ ಇಲ್ಲದಿದ್ದರೆ ಶಾಲೆ ಏಳದು.

ಕೊನೆಗೆ ನೇಪಾಳದ ಆ ಹಳ್ಳಿಯ ಶಾಲೆಯ ಮೇಡಂಗೆ ವಿಡಿಯೋ ಕಾಲ್ ಮಾಡಿದೆ. ಆಕೆಗೆ ಹಿಂದಿ ಬರುತ್ತಿತ್ತು, ನನ್ನದು ಹರಕುಮುರುಕು. ನಿಮ್ಮಲ್ಲಿ ಪಾಯಕ್ಕೆ ಏನು ಹಾಕುತ್ತೀರಿ, ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಅಕ್ಕಿ, ಹೂವು, ಗುಂಡಿಯ ತಳಕ್ಕೆ ಎಂದರು.

"ಅದು ಅವ್ರ ಪದ್ಧತಿ," ಎಂದು ದೊಡ್ಡಪ್ಪ ಮುಖ ತಿರುಗಿಸಿದರು.

ಮೇಡಂ ಫೋನ್ ತಿರುಗಿಸಿ ಭೂಕಂಪಕ್ಕೆ ಸಿಕ್ಕ ಹಳೆಯ ಶಾಲೆ ತೋರಿಸಿದರು. ಕಲ್ಲು ಗಟ್ಟಿಯಾಗಿಯೇ ಇತ್ತು. ಆದರೆ ಮೂಲೆ ಬಿಟ್ಟುಕೊಂಡು ಎರಡು ಗೋಡೆಗಳು ಆಚೆಗೊಂದು ಈಚೆಗೊಂದು ವಾಲಿದ್ದವು. ಒಳಗೆ ಪುಟ್ಟ ಬೆಂಚುಗಳು ಹಾಗೇ ಇದ್ದವು.

ದೊಡ್ಡಪ್ಪ ಫೋನ್ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಹೊಸ ಸ್ಕೂಲ್ನಾಗೆ ಐಕ್ಳು ಯಾವ ಮೂಲೇಲಿ ಕುಂತ್ಕತ್ತಾರೆ ಕೇಳು. ಆ ಮೂಲೆ ಬುಟ್ಟು ಬ್ಯಾರೆ ಮೂಲೇಲಿ ಗೂಡಿಕ್ಕಾನ."

ಕೇಳಿದೆ. ಮೇಡಂಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು.

"ಎಲ್ಲ ಮೂಲೆಯಲ್ಲೂ," ಎಂದರು. "ಮಕ್ಕಳು ಜಾಸ್ತಿ, ಜಾಗ ಕಡಿಮೆ."

ಅದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಫೋನ್ ನನ್ನ ಕೈಗಿಟ್ಟು, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗೂಡಿನ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹೊರಗಿಟ್ಟರು.

"ತಿರುಗ್ಸಲಾ ಕಂಬೀನ," ಎಂದು ಕಂಬಿಯವನನ್ನು ಗದರಿದರು.

ಆಮೇಲೆ ಸೊಂಟದ ಚೀಲದಿಂದ ನವಧಾನ್ಯದ ಪೊಟ್ಟಣ ತೆಗೆದು ನನಗೆ ಕೊಟ್ಟರು. "ಸ್ಕೂಲೊಳಕ್ಕೆ ಹೋಗೋ ದಿನ ಒಂದೊಂದು ಮಗೀನ ಅಂಗೈಗೂ ಇಷ್ಟಿಷ್ಟು ಇಕ್ಕು. ಎಲ್ಲಿ ಬೇಕೋ ಅಲ್ಲಿ ಹಾಕ್ಕಳ್ಳಿ."

ಪೊಟ್ಟಣವನ್ನು ತಿರುಗಿ ಅವರ ಕೈಗೇ ಇಟ್ಟೆ. "ಅಲ್ಲಿಗೆ ಬಂದು ನೀವೇ ಇಕ್ಕಿ ದೊಡ್ಡಪ್ಪ," ಎಂದೆ.

ದೊಡ್ಡಪ್ಪ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.