ಸಂಘದ ಎರಡನೇ ಹೆಬ್ಬೆಟ್ಟು

"ಈ ಕಂಪ್ಯೂಟರ್ ತೆಗೆಯೋ ಹೆಬ್ಬೆಟ್ಟು ಮೂರು ಲೋಕಕ್ಕೆ ಒಂದೇ, ನಂದು. ಯಮ ಬಂದ್ರೂ ಬೆಂಚಿನ ಮ್ಯಾಲೆ ಕುಂತು ನನ್ನ ಕಾಯ್ಬೇಕು!"

ಶಿರಾಳಕೊಪ್ಪದ ಕುರಿಗಾರರ ಸಂಘದ ಗುಮಾಸ್ತ ಶಿವಯೋಗಿ ಹೀಗೆ ಹೇಳದ ದಿನವಿಲ್ಲ. ಅದನ್ನು ಹೆಚ್ಚು ಸಲ ಕೇಳಿದ್ದು ಅಲ್ಲಿ ಕಸ ಗುಡಿಸುವ ದ್ಯಾಮಮ್ಮ. ಅವಳು ಪೊರಕೆ ಬೀಸಿದರೆ ಎದ್ದ ಧೂಳು ಶಿಕಾರಿಪುರ ದಾಟಿಯೇ ನೆಲಕ್ಕಿಳಿಯುತ್ತಿತ್ತು. ಓದು ಬಾರದು, ಆದರೆ ಸಂತೆಯಲ್ಲಿ ಕುರಿಯ ಬೆನ್ನು ಒಮ್ಮೆ ಸವರಿ, ಅದರ ಮುತ್ತಜ್ಜಿ ಯಾವ ಹಟ್ಟಿಯದೆಂದು ಹೇಳಿಬಿಡುವಳು. ಅವಳೂ ಸಂಘದ ಸದಸ್ಯೆಯೇ, ಮನೆಯಲ್ಲಿ ಅವಳವೇ ಇಪ್ಪತ್ತೆರಡು ಕುರಿ.

ಕಂಪ್ಯೂಟರಿಗೆ ಬೆರಳಿನ ಯಂತ್ರ ಜೋಡಿಸಿದವನು ಕಡೇಪಕ್ಷ ಇಬ್ಬರ ಹೆಬ್ಬೆಟ್ಟು ಬೇಕೆಂದಿದ್ದ. ಇನ್ನೊಬ್ಬ ಗುಮಾಸ್ತ ಪ್ರದೀಪನದನ್ನು ಸೇರಿಸಿದರೆ ಇವತ್ತು ಬೆರಳಿಟ್ಟವನು ನಾಳೆ ಕುರ್ಚಿಗೇ ಕೈಹಾಕಿಯಾನು ಎಂದು ಹೆದರಿದ ಶಿವಯೋಗಿ, ದ್ಯಾಮಮ್ಮನನ್ನು ಕರೆದು ಒತ್ತಿಸಿದ. ಒತ್ತಿಸಿ ಮರೆತ.

ಮೊನ್ನೆ ಭಾನುವಾರ ಉಳವಿಯ ಮಾವನ ಮನೆಗೆ ಹೋದವನು ಹೆಂಗಸರೆದುರು ಅಡಿಕೆ ಸುಲಿಯುವ ಪಂದ್ಯ ಕಟ್ಟಿದ. ಅಡಿಕೆಗಿಂತ ಮೊದಲು ಸುಲಿದದ್ದು ಅವನ ಹೆಬ್ಬೆಟ್ಟು. ಸೋಮವಾರ ಬಂದಾಗ ಬೆರಳಿಗೆ ಮದುಮಗನ ಪೇಟದಷ್ಟು ಬಟ್ಟೆ.

ಅವತ್ತೇ ಹನ್ನೆರಡು ಗಂಟೆಯೊಳಗೆ ಸದಸ್ಯರ ಕುರಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಪಶು ಇಲಾಖೆಗೆ ಕಳಿಸಬೇಕಿತ್ತು. ಪಟ್ಟಿಯಲ್ಲಿದ್ದಷ್ಟು ಕುರಿಗೇ ಲಸಿಕೆ. ನೀಲಿ ನಾಲಿಗೆ ರೋಗ ಆಗಲೇ ಸೊರಬದ ಕಡೆಯ ಹಟ್ಟಿಗಳಿಗೆ ಕಾಲಿಟ್ಟಿತ್ತು.

ಶಿವಯೋಗಿ ಬಟ್ಟೆ ಬಿಚ್ಚಿ ಒತ್ತಿದ, ಊದಿ ಒತ್ತಿದ, ವಿಭೂತಿ ಹಚ್ಚಿಯೂ ಒತ್ತಿದ. ಯಂತ್ರ ಅವನನ್ನು ಹುಟ್ಟಿದಾರಭ್ಯ ಕಂಡೇ ಇಲ್ಲವೆಂಬಂತೆ ಕೂತಿತ್ತು. ಹನ್ನೊಂದೂವರೆಗೆ ಪ್ರದೀಪ ತಣ್ಣಗೆ ಹೇಳಿದ: "ದ್ಯಾಮಮ್ಮಂದು ಐತಲ್ಲೋ."

ದ್ಯಾಮಮ್ಮ ಪೊರಕೆ ಒರಗಿಸಿ, ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಪರದೆ ತೆರೆಯಿತು. ಶನಿವಾರವೇ ಬರೆದಿಟ್ಟಿದ್ದ ಪಟ್ಟಿ. ಕಳಿಸಲು ಇನ್ನೊಂದು ಸಲ ಹೆಬ್ಬೆಟ್ಟು ಕೇಳಿತು. ದ್ಯಾಮಮ್ಮ ಮುಷ್ಟಿ ಬಿಗಿದುಕೊಂಡಳು.

"ಒತ್ತಮ್ಮ, ಟೈಮ್ ಆತು!" ಶಿವಯೋಗಿ ಅವಸರಪಡಿಸಿದ.

"ಏನ್ ಬರ್ದೀರಿ, ಓದ್ರಿ."

"ನಿನಗ್ಯಾಕೆ ಅದೆಲ್ಲ?"

"ನನ್ನ ಬೆರಳಿಂದ ಹೋಗೋದಲ್ವೇನ್ರಿ? ಓದ್ರಿ ಅಂದೆ."

ಶಿವಯೋಗಿ ಪುರೋಹಿತರಿಗೂ ಉಸಿರು ಸಿಗದ ವೇಗದಲ್ಲಿ ಓದಿದ. "ಚಿಕ್ಕಬೀರಪ್ಪ, ನಲವತ್ತು. ಗುತ್ಯಪ್ಪ, ಮೂವತ್ತೊಂದು. ದ್ಯಾಮಮ್ಮ, ಹನ್ನೆರಡು..."

"ನಿಲ್ಸ್ರಿ ಅಲ್ಲೇ. ನನ್ನ ಇನ್ನ ಹತ್ತು ಕುರೀನ ತೋಳ ತಿಂತೋ, ನಿಮ್ಮ ಕಂಪ್ಯೂಟರ್ ತಿಂತೋ?"

"ಅದು... ಹೋದ ವರ್ಷದ್ದೇ ಇಳಿಸ್ಕೊಂಡಿದ್ದೆ."

ಪಟ್ಟಿಯಲ್ಲಿ ಅವಳ ಹನ್ನೆರಡು ಕುರಿ ಇಪ್ಪತ್ತೆರಡಾಯಿತು. ಉಳಿದವರ ಲೆಕ್ಕವನ್ನೂ ಅವಳು ಬಾಯಲ್ಲೇ ಸರಿಮಾಡಿಸಿ, ಎರಡು ನಿಮಿಷ ಇದೆ ಎನ್ನುವಾಗ ಒತ್ತಿದಳು. ಪಟ್ಟಿ ಹೋಯಿತು.

ಶಿವಯೋಗಿ ಬೆವರೊರೆಸಿಕೊಂಡ. "ಒಂದು ಸಹಿ ಹಾಕಾಕೆ ಬರಲ್ಲ, ಏನ್ ತನಿಖೆ ಮಾಡ್ತೀಯಮ್ಮ ನೀನು!"

ದ್ಯಾಮಮ್ಮ ಪೊರಕೆ ಎತ್ತಿಕೊಂಡಳು.

"ಸಹಿ ಬರೋರು ನೋಡ್ದೇನೂ ಹಾಕ್ತಾರ್ರಿ. ಹೆಬ್ಬೆಟ್ಟಿನೋರು ನಾವು, ಕೇಳೇ ಒತ್ತೋದು."